ಬೆಡ್‌ಶೀಟ್ ಮಡಚುತ್ತ ವೋಟು ಕೇಳಿದ ಅಪರಾಧದ ಬಗ್ಗೆ

ನಿಯಮಗಳನ್ನು ಹೆತ್ತ ಮಕ್ಕಳಂತೆ ಸಾಕುತ್ತಿರುವ ನಮ್ಮ ಕಾರ್ಮಿಕ ಸಂಘದ ಚುನಾವಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯ ಮಡಚುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಡ್‌ಶೀಟ್ ಮಡಚುತ್ತಿರುವ, ಊರ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಈಗ ಐವತ್ತು ತುಂಬಿದ ನಾನು, ತಾವೂ ತಮ್ಮ ಅಳತೆಯ ಟೇಪೂ ತಮ್ಮ ಸೆಕೆಂಡ್ ಎಣಿಸುವ ಗಡಿಯಾರವೂ ಕ್ಷೇಮವೆಂದು ನಂಬಿ, ಎರಡೂ ಕೈ ಜೋಡಿಸಿ ಬರೆದುಕೊಳ್ಳುವ ಅಹವಾಲು. ಇದನ್ನು ಎಲ್ಲಿ ಅಂಟಿಸುವುದೆಂದು ತುಂಬ ಯೋಚಿಸಿದೆ. ಗೇಟಿನ ಗೋಡೆ ಮಾಲೀಕರದು, ನೋಟಿಸ್ ಬೋರ್ಡು ಸಂಘದ್ದು, ಬೀದಿಯ ಲೈಟುಕಂಬ ನೂರಾರು ಜನರನ್ನು ಕೆಲಸಕ್ಕಿಟ್ಟುಕೊಂಡ ಪುರಸಭೆಯದು. ಎಲ್ಲಿ ಅಂಟಿಸಿದರೂ ಅದು ನನ್ನ ಪ್ರಚಾರಕ್ಕೆ ಸಂದ ಕೊಡುಗೆಯೇ ಆಗುವುದರಿಂದ, ನನ್ನ ಸ್ವಂತ ಬೆನ್ನಿಗೇ ಪಿನ್ನು ಹಾಕಿಕೊಂಡು ಓಡಾಡುತ್ತಿದ್ದೇನೆ. ಓದುವವರು ದಯವಿಟ್ಟು ಹಿಂದೆ ಹಿಂದೆ ಬರಬೇಕು.

ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತು ಆರು ವೋಟಿನಿಂದ ನಾನು ಗೆದ್ದದ್ದನ್ನು ತಾವು ರದ್ದು ಮಾಡಿದಿರಿ. ಮರುಚುನಾವಣೆಯಲ್ಲಿ ನನ್ನ ಹೆಸರು ಇರಬೇಕಾದರೆ ಶನಿವಾರದೊಳಗೆ ಸಮಜಾಯಿಷಿ ಕೊಡಬೇಕೆಂದು ನೋಟಿಸನ್ನೂ ಕಳಿಸಿದಿರಿ. ಕಾರಣ ಏಳನೇ ನಿಯಮ: ಯಾವ ಮಾಲೀಕನೂ ಯಾವ ಅಭ್ಯರ್ಥಿಗೂ ಬೆಲೆಯುಳ್ಳ ಏನನ್ನೂ ಕೊಡಕೂಡದು. ಬಂಗಾರದಂಥ ನಿಯಮ, ಸ್ವಾಮಿ. ಮಾಲೀಕರ ಉಪ್ಪು ತಿಂದ ನಾಯಕ ನಮ್ಮ ಪರ ಬಾಯಿ ಬಿಟ್ಟಾನೆಯೇ? ಆದರೆ ಒಂದೇ ಒಂದು ಆಳನ್ನು ಇಟ್ಟುಕೊಂಡವರೂ ಮಾಲೀಕರೇ ಎಂದು ತಾವು ಅರ್ಥ ಬಿಡಿಸಿದ ದಿನದಿಂದ ನಮ್ಮ ಮನೆಯಲ್ಲಿ ನೆಮ್ಮದಿಯಿಲ್ಲ. ನನ್ನ ನಾದಿನಿಗೆ ಕೋಳಿಗೂಡಿನಷ್ಟು ದೊಡ್ಡ ಹೊಲಿಗೆ ಅಂಗಡಿಯಿದೆ, ಕಾಜಾ ಹಾಕಲು ಒಬ್ಬ ಹೆಂಗಸಿದ್ದಾಳೆ. ನಾನು ಕುಳ್ಳಿ, ಗೇಟಿನ ಮುಂದೆ ನಿಂತು ಮಾತಾಡಿದರೆ ಹಿಂದಿನವರಿಗೆ ನನ್ನ ತಲೆಯೂ ಕಾಣದೆಂದು ಅವಳು ಒಂದು ಸ್ಟೂಲು ಕೊಟ್ಟಳು. ತಾವು ಅದನ್ನು ಬಂಡವಾಳಗಾರರ ಕೊಡುಗೆ ಎಂದು ಬರೆದುಕೊಂಡಿರಿ. ಅಂದಿನಿಂದ ಅವಳು ಗಲ್ಲ ಎತ್ತಿಕೊಂಡೇ ನಡೆಯುತ್ತಾಳೆ. “ಅತ್ತಿಗೆ, ಇನ್ಮೇಲೆ ನನ್ನ ಹತ್ರ ಮಾತಾಡ್ಬೇಕಾದ್ರೆ ಮೊದ್ಲೇ ಹೇಳಿ ಕಳಿಸಿ” ಅನ್ನುತ್ತಾಳೆ.

ಎರಡನೆಯ ಅಪರಾಧವಂತೂ ಇಡೀ ಲೋಕದಲ್ಲಿ ನಮ್ಮ ಕೋಣೆಯವರು ಮಾತ್ರ ಮಾಡಬಲ್ಲಂಥದು. ಬೆಡ್‌ಶೀಟ್ ಮಡಚಲು ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು, ಕೊಡವಿ, ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬರುತ್ತೇವೆ, ಮೂಗಿಗೆ ಮೂಗು ತಾಗುವಷ್ಟು. ಮತ್ತೆ ಹಿಂದೆ ಸರಿದು, ಇನ್ನೊಮ್ಮೆ ಹತ್ತಿರ ಬರುತ್ತೇವೆ. ಯಂತ್ರದ ಗದ್ದಲದಲ್ಲಿ ಮಾತು ಕೇಳಿಸುವುದು ಆ ಎರಡು ಗಳಿಗೆಯಲ್ಲಿ ಮಾತ್ರ. ನಮ್ಮಲ್ಲಿ ಹೆಣ್ಣು ನೋಡಿದ ಸುದ್ದಿ, ಗಂಡನ ಮೇಲಿನ ಸಿಟ್ಟು, ದೇವರ ಮಹಿಮೆ ಎಲ್ಲವೂ ಮೂರು ಮೂರು ಪದದ ತುಂಡುಗಳಲ್ಲೇ ಸಾಗುವುದು. ನನ್ನ ಪ್ರಚಾರವೂ ಹಾಗೇ ಸಾಗಿತು. ಒಬ್ಬಳಿಗೆ ಐದು ಬೆಡ್‌ಶೀಟ್ ಮಡಚಿದರೆ ಒಂದು ಭಾಷಣ ಮುಗಿಯುತ್ತದೆ. ಮೂರು ವಾರ ಜೋಡಿ ಬದಲಿಸಿ ಬದಲಿಸಿ ನಲವತ್ತು ಜನರಿಗೆ ಹೇಳಿ ಮುಗಿಸಿದೆ. ತಾವು ಭೇಟಿಗೆ ಎರಡು ಸೆಕೆಂಡಿನಂತೆ ಲೆಕ್ಕ ಹಾಕಿ, ಮಾಲೀಕರ ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡ್ ಸಮಯವನ್ನು ನಾನು ಕಾಣಿಕೆಯಾಗಿ ಪಡೆದೆನೆಂದು ತೀರ್ಪು ಕೊಟ್ಟಿರಿ. ಕೈ ಒಂದು ಕ್ಷಣವೂ ನಿಂತಿರಲಿಲ್ಲ, ಮಾನ್ಯರೇ. ಕೈಯ ಸಂಬಳ ಮಾಲೀಕರು ಕೊಡುತ್ತಾರೆ, ಒಪ್ಪಿದೆ. ಬಾಯಿಯನ್ನು ಅವರು ಯಾವಾಗ ಕೆಲಸಕ್ಕೆ ಸೇರಿಸಿಕೊಂಡರೋ ನನಗೆ ಗೊತ್ತಿಲ್ಲ.

ಇದನ್ನು ಪರೀಕ್ಷಿಸಲು ತಾವೇ ಖುದ್ದಾಗಿ ಬಂದು, ಅಂಗಿಯ ತೋಳು ಮಡಚಿ, ನನ್ನೆದುರು ಬೆಡ್‌ಶೀಟಿನ ತುದಿ ಹಿಡಿದದ್ದನ್ನು ನಾವು ಸಾಯುವತನಕ ಮರೆಯುವುದಿಲ್ಲ. ತಾವು ಎಡಕ್ಕೆ ಹೋಗುವಲ್ಲಿ ಬಲಕ್ಕೆ ಹೋಗಿ, ಎರಡು ಸುತ್ತು ಸುತ್ತಿಕೊಂಡು, ಆಗತಾನೇ ಹುಟ್ಟಿದ ಕೂಸಿನಂತೆ ಮುಖವೊಂದನ್ನೇ ಹೊರಗಿಟ್ಟು ನಿಂತಾಗ, ಮುಂದಿನ ಮೇಜಿನ ಅಜ್ಜಿ “ಅಯ್ಯೋ, ಯಾರಾದ್ರೂ ದೃಷ್ಟಿ ತೆಗೀರೇ!” ಎಂದು ಕೂಗಿದ್ದಕ್ಕೆ ಕ್ಷಮೆಯಿರಲಿ. ತಮ್ಮನ್ನು ಬಿಚ್ಚಿ ಮತ್ತೆ ಮಡಚಲು ಶುರು ಮಾಡಿ, ಮೂಗಿಗೆ ಮೂಗು ಬಂದಾಗ ಬಾಯಿ ತನ್ನ ಪಾಡಿಗೆ “ನಂಗೇ ವೋಟು ಹಾಕವ್ವಾ” ಅಂದುಬಿಟ್ಟಿತು. ಅಭ್ಯಾಸಬಲ. ಅದನ್ನೂ ಮೂರನೆಯ ಅಪರಾಧವೆಂದು ತಾವು ಅಲ್ಲೇ ಬರೆದುಕೊಂಡಿರಿ, ಪೆನ್ನು ಮಾತ್ರ ನನ್ನ ಹತ್ತಿರ ಇಸಿದುಕೊಂಡು.

ಪಾಪಭೀರು ಹೆಂಗಸಾದ ನಾನು ತಾವು ಕೇಳದ ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ದಿನಾ ಬೆಳಿಗ್ಗೆ ದೇವರ ಮುಂದೆ ಕೂತು ಗೆಲ್ಲಿಸಪ್ಪಾ ಎಂದು ಬೇಡಿದ್ದೇನೆ. ಆತ ಬೆಳಕು ಕೊಟ್ಟ, ಗಾಳಿ ಕೊಟ್ಟ, ಗೇಟಿನ ಸಭೆಯ ದಿನ ನೆಗಡಿ ಬಿಡಿಸಿದ. ಆತನ ಸೇವೆಗೆಂದೇ ಲೋಕದ ತುಂಬ ಜನ ಇರುವುದರಿಂದ ಏಳನೇ ನಿಯಮದಂತೆ ಆತನೂ ಮಾಲೀಕನೇ. ಆತನಿಗೊಂದು ನೋಟಿಸ್ ಕಳಿಸಿ. ಉಸಿರನ್ನು ನಾನು ಹಿಂತಿರುಗಿಸಬೇಕೆಂದರೆ ಹಿಂತಿರುಗಿಸುತ್ತೇನೆ, ಆದರೆ ವೋಟಿನ ಎಣಿಕೆ ಮುಗಿಯಲಿ.

ಇನ್ನು ನನ್ನ ಎದುರಾಳಿ, ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿಯಾಗಿರುವ ಅಣ್ಣನವರು. ಯಾರು ಏನು ಕೇಳಿದರೂ ನೋಡೋಣ, ನೋಡೋಣ ಅನ್ನುವುದರಿಂದ ನಾವು ಪ್ರೀತಿಯಿಂದ ನೋಡೋಣಣ್ಣ ಅನ್ನುತ್ತೇವೆ. ನಮ್ಮೆಲ್ಲರ ಚಂದಾದಿಂದ ಅಚ್ಚಾಗುವ ಸಂಘದ ಪತ್ರಿಕೆಯಲ್ಲಿ, ಚುನಾವಣೆಯ ತಿಂಗಳಲ್ಲಿ, ಅವರ ಫೋಟೊ ಹನ್ನೊಂದು ಕಡೆ ಬಂತು. ನಲ್ಲಿ ತಿರುಗಿಸುವ ನೋಡೋಣಣ್ಣ, ಆ ನಲ್ಲಿಯ ನೀರು ಕುಡಿಯುವ ನೋಡೋಣಣ್ಣ. ಇದು ಪ್ರಚಾರವಲ್ಲ, ಸುದ್ದಿ ಎಂದು ತಾವು ಹೇಳಿದಿರಿ. ಸತ್ಯ. ಅವರು ಏನಾದರೂ ಮಾಡಿದರೆ ಅದು ಸುದ್ದಿಯೇ.

ನನಗೆ ಕುರ್ಚಿಯ ಆಸೆಯಿಲ್ಲ, ಮಾನ್ಯರೇ. ನಿಂತೇ ಕಾಲು ಪಳಗಿದೆ. ನಮ್ಮ ಕೋಣೆಯ ಇಸ್ತ್ರಿ ರೋಲರಿನ ಸ್ಟಾಪ್ ಬಟನ್ ಕೆಟ್ಟು ಎಂಟು ತಿಂಗಳಾಯಿತು. ನನ್ನ ಜೋಡಿಯಾಗಿ ಆ ತುದಿ ಹಿಡಿಯುತ್ತಿದ್ದ ತಂಗಿಯ ಸೀರೆಯ ಸೆರಗು ಅದರೊಳಗೆ ಹೋಯಿತು, ಸೆರಗಿನ ಹಿಂದೆ ಕೈ ಹೋಯಿತು. ಬಟನ್ ಒತ್ತಿದೆ, ಒತ್ತಿದೆ, ನಿಲ್ಲಲಿಲ್ಲ. ಮೇನ್ ಸ್ವಿಚ್ ತನಕ ಓಡಿ ಹೋಗಿ ಆರಿಸುವಷ್ಟರಲ್ಲಿ ಎರಡು ಬೆರಳು ಹೋಗಿದ್ದವು. ಈಗಲೂ ಎಂಟು ಬೆರಳಿನಲ್ಲಿ ಅದೇ ಯಂತ್ರದ ಮುಂದೆ ನಿಲ್ಲುತ್ತಾಳೆ. ಐದು ಬೆಡ್‌ಶೀಟಿನ ಆ ಭಾಷಣದಲ್ಲಿ ಇದ್ದದ್ದು ಇಷ್ಟೇ, ಬಟನ್ ಹಾಕಿಸೋಣ ಎಂದು.

ಆದ್ದರಿಂದ ನನ್ನ ಹೆಸರು ಉಳಿಸಿ. ಉಳಿಸಲಾಗದಿದ್ದರೆ, ಮೂಗಿಗೆ ಮೂಗು ತಾಗದಂತೆ ಮಡಚಬಹುದಾದಷ್ಟು ಉದ್ದದ ಬೆಡ್‌ಶೀಟನ್ನು ಆಸ್ಪತ್ರೆಗಳಿಗೆ ಹೊಲಿಸಿಕೊಡಿ. ರೋಗಿಗಳು ಸಾಲಾಗಿ ಒಂದರಲ್ಲೇ ಮಲಗಲಿ. ಅದೂ ಆಗದಿದ್ದರೆ, ನಮ್ಮ ಕೋಣೆಯ ನಲವತ್ತು ಹೆಂಗಸರೂ ಅದೇ ಸ್ಥಾನಕ್ಕೆ, ಅದೇ ಬಟನ್ನಿಗಾಗಿ, ನಾಮಪತ್ರ ತುಂಬಿಟ್ಟಿದ್ದಾರೆ. ಶನಿವಾರ ತರುತ್ತಾರೆ. ದೊಡ್ಡ ಮೇಜು ಹಾಕಿಸಿಕೊಂಡಿರಿ.

ತಮ್ಮ ಗಡಿಯಾರಕ್ಕೆ ದೀರ್ಘಾಯುಷ್ಯ ಕೋರುವ,
ತಮ್ಮ ವಿಶ್ವಾಸಿ,
ಮಡಚುವ ಕೋಣೆಯ ಕುಳ್ಳಕ್ಕ

ಕಡೆಗೊಂದು ಮಾತು: ನಾಮಪತ್ರಗಳ ಸುದ್ದಿ ಕಿವಿಗೆ ಬಿದ್ದು, ಇಂದು ಬೆಳಿಗ್ಗೆ ನೋಡೋಣಣ್ಣ ಮಾಲೀಕರ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಓಡಿಬಂದು ಹೊಸ ಬಟನ್ ಹಾಕಿಸಿದರು. ತಂಗಿಯೇ ಒತ್ತಿ ನೋಡಿದಳು. ರೋಲರ್ ಗಪ್ಪನೆ ನಿಂತಿತು. ಅಭ್ಯರ್ಥಿಯೊಬ್ಬರಿಗೆ ಮಾಲೀಕರು ಆಳು, ಸಾಮಾನು, ಅರ್ಧ ಗಂಟೆ ಕೊಟ್ಟದ್ದು ಏಳನೇ ನಿಯಮದ ಉಲ್ಲಂಘನೆಯೇ. ಆದರೂ ಕಾಲು ಹಿಡಿದು ಕೇಳುತ್ತೇನೆ, ಬಟನ್ ಬಿಚ್ಚಿಸಬೇಡಿ. ಬಿಚ್ಚಲೇಬೇಕೆಂದರೆ ಅಣ್ಣನವರನ್ನು ಬಿಚ್ಚಿ ತೆಗೆದುಕೊಂಡು ಹೋಗಿ.