ಏಳನೆಯ ಕೈ

ಒಂದು ಬಿಲ್ಲೆ ಕರ್ಪೂರ. ಅದನ್ನು ಸುಬ್ರಾಯ ಹಚ್ಚಬಾರದಿತ್ತು.

ಐರ್ಲೆಂಡಿನ ಲೂಕನ್ ಊರಿನ ಕನ್ನಡ ಸಂಘ ರಾಜ್ಯೋತ್ಸವಕ್ಕೆಂದು ಬಾಡಿಗೆಗೆ ಹಿಡಿದಿದ್ದ ಚರ್ಚಿನ ಹಾಲ್‌ನಲ್ಲಿ ಬೆಂಕಿ ಹಚ್ಚಕೂಡದೆಂದು ಗೋಡೆಯ ಮೇಲೇ ಬರೆದಿತ್ತು. ಆದರೂ ತಾಯಿ ಭುವನೇಶ್ವರಿಗೆ ಕರ್ಪೂರವಿಲ್ಲದ ಮಂಗಳಾರತಿಯೇ? ಹಚ್ಚಿದ. ಫೈರ್ ಅಲಾರಂ ಬೊಬ್ಬಿಟ್ಟಿತು. ರೇಷ್ಮೆ ಸೀರೆ, ಪಂಚೆಗಳ ಸಮೇತ ಇನ್ನೂರು ಜನ ನವೆಂಬರಿನ ಮಳೆಯಲ್ಲಿ ನಿಂತರು. ಫೈರ್ ಎಂಜಿನ್ ಬಂದು ಹೋಗುವಷ್ಟರಲ್ಲಿ ಬಿಸಿಬೇಳೆಬಾತ್ ತಣ್ಣಗಾಗಿತ್ತು.

ಊಟ ಮುಗಿದ ಮೇಲೆ ಸಮಿತಿಯ ಏಳು ಜನ ನಾಟಕದ ಬಣ್ಣದ ಕೋಣೆಯಲ್ಲಿ ವಿಚಾರಣೆಗೆ ಕೂತರು. ಏಳರಲ್ಲಿ ಸುಬ್ರಾಯನ ಹೆಂಡತಿ ಭಾನುಮತಿಯೂ ಒಬ್ಬಳು. ನೆಂದ ಸೆರಗನ್ನು ಹೀಟರಿಗೆ ಹಿಡಿದು ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು. ತಪ್ಪಿತಸ್ಥನೆಂದರೆ ಸಂಜೆಯ ನಾಟಕದಲ್ಲಿ ಅವನ ರಾಜನ ಪಾತ್ರಕ್ಕೆ ಕತ್ತರಿ. ಮೂರು ತಿಂಗಳು ಬಾತ್‌ರೂಮಿನಲ್ಲಿ ಗರ್ಜಿಸಿ ಕಲಿತ ಮಾತುಗಳು ಅವನ ಗಂಟಲಲ್ಲೇ ಒಣಗುತ್ತಿದ್ದವು. ಆ ಪಾತ್ರಕ್ಕೆ ಬದಲಿ ನಟ ಅಧ್ಯಕ್ಷ ಕೃಷ್ಣಪ್ರಸಾದರೇ. ತೀರ್ಪು ಹೇಳಲು ಕೂತ ಅವರು ಆಗಲೇ ರಾಜನ ಮೀಸೆ ಅಂಟಿಸಿಕೊಂಡಿದ್ದರು.

"ಎಲ್ಲ ನ್ಯಾಯವಾಗೇ ನಡೀಲಿ," ಎಂದರು.

ನ್ಯಾಯ ಎಂದೊಡನೆ ಸುಬ್ರಾಯನಿಗೆ ಮಗಳು ನಿಸರ್ಗಾಳ ಪ್ರಾಜೆಕ್ಟ್ ನೆನಪಾಯಿತು. ಯಹೂದಿ ಧರ್ಮಸಭೆ ಏಸುವನ್ನು ವಿಚಾರಿಸಿದ್ದು ನ್ಯಾಯವಾಗಿತ್ತೇ ಎಂದು ಶಾಲೆಯಲ್ಲಿ ಕೇಳಿದ್ದರು. ವಾರವಿಡೀ ಅವಳ ಜೊತೆ ಇವನೂ ಓದಿದ್ದ.

"ಹಂಗಾದ್ರೆ ನಿಲ್ಲಿಸಿ ಸಾರ್! ಯಹೂದಿಗಳ ಹಳೇ ಕೋರ್ಟಲ್ಲಿ ಕತ್ತಲಾದ್ಮೇಲೆ ವಿಚಾರಣೆನೇ ಇಲ್ಲ. ಹೊರಗೆ ನೋಡಿ!"

"ಈ ದೇಶದಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತೆ ಕಣ್ರೀ. ಹಂಗಂತ ಮಲ್ಕೊಳ್ತೀವಾ?"

"ಇಬ್ಬರು ಸಾಕ್ಷಿನಾದ್ರೂ ಬೇಕು."

"ಇನ್ನೂರು ಜನ ಇದಾರೆ, ಸಾಕಾ? ತಪ್ಪಿತಸ್ಥ ಅನ್ನೋರು ಕೈ ಎತ್ತಿ."

ಆರು ಕೈ ಎದ್ದವು. ಭಾನುಮತಿ ಸೆರಗು ನೋಡಿಕೊಂಡಳು. ಏಳನೆಯದೂ ಎದ್ದಿತು.

ಸುಬ್ರಾಯ ಕುಣಿದಾಡಿದ. "ಗೆದ್ದೆ! ನಿಸರ್ಗಾ, ಓದು ಪುಟ್ಟಿ!"

ಬಾಗಿಲಲ್ಲಿದ್ದ ಮಗಳು ಫೋನ್ ತೆಗೆದು ಐರಿಷ್ ರಾಗದ ಇಂಗ್ಲಿಷಿನಲ್ಲಿ ಓದಿದಳು. ಸಾರಾಂಶ ಇಷ್ಟು: ಮರಣದಂಡನೆಯ ಮೊಕದ್ದಮೆಯಲ್ಲಿ ನ್ಯಾಯಾಧೀಶರೆಲ್ಲ ಒಟ್ಟಿಗೇ ತಪ್ಪಿತಸ್ಥ ಎಂದರೆ ಆರೋಪಿಯನ್ನು ಬಿಟ್ಟುಬಿಡಬೇಕು, ಏಕೆಂದರೆ ಅವನ ಪರ ಒಬ್ಬರೂ ಯೋಚಿಸಿಲ್ಲ. ಈ ನಿಯಮ ಬರೆದಿಟ್ಟದ್ದು ಏಸುವಿನ ಕಾಲವಾಗಿ ನೂರಾರು ವರ್ಷದ ಮೇಲೆ, ಆಗ ಪಾಲಿಸುತ್ತಿದ್ದರೋ ಇಲ್ಲವೋ ಗೊತ್ತಿಲ್ಲ ಎಂದೂ ಓದಿದಳು. ಅಷ್ಟು ಹೊತ್ತು ಅಪ್ಪನಿಗೆ ಜೋರು ಕೆಮ್ಮು.

ಕೃಷ್ಣಪ್ರಸಾದರು ಫೋನನ್ನು ಎರಡು ಸಲ ಓದಿದರು. ನ್ಯಾಯ ಎಂದು ಬಾಯಿಬಿಟ್ಟಾಗಿತ್ತು. ಮೀಸೆಯ ಒಂದು ತುದಿ ಜಾರಿತು.

"ಸರಿ. ಏಳಕ್ಕೆ ಏಳೂ ಅಂದ್ರೆ... ಬಿಡಬೇಕಾಗುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಾಗಿತ್ತು. ಸುಬ್ರಾಯ ಕಿರೀಟಕ್ಕೆ ಕೈ ಹಾಕಿದ. ಅಷ್ಟರಲ್ಲಿ ಭಾನುಮತಿ ಬಿಕ್ಕತೊಡಗಿದಳು.

"ಒಬ್ಬರೂ ಅವರ ಪರ ಇಲ್ಲ ಅಂದ್ರೆ ಕರುಳು ಚುರ್ ಅನ್ನುತ್ತೆ ಸಾರ್. ಬೆಂಕಿಪೊಟ್ಟಣ ಕೊಟ್ಟಿದ್ದೇ ನಾನು. ನನ್ನ ಕೈ ವಾಪಸ್! ನಮ್ಮೆಜಮಾನ್ರದ್ದೇನೂ ತಪ್ಪಿಲ್ಲ!"

"ಬೇಡ ಭಾನು! ಕೈ ಎತ್ತೇ, ನಿನ್ನ ದಮ್ಮಯ್ಯ, ಎತ್ತೇ!"

"ಪ್ರಾಣ ಹೋದ್ರೂ ಎತ್ತಲ್ಲ ಕಣ್ರೀ."

"ನೌ ಇಟ್ಸ್ ಎ ಫೇರ್ ಟ್ರಯಲ್, ಡ್ಯಾಡ್. ಗ್ರಾಂಡ್!" ಎಂದಳು ನಿಸರ್ಗಾ.

"ಆರಕ್ಕೆ ಒಂದು. ನಿಮ್ಮ ಪರ ಯೋಚನೆ ಮಾಡಿಯಾಯ್ತು, ಶಿಕ್ಷೆ ಕಾಯಂ," ಎಂದು ಕೃಷ್ಣಪ್ರಸಾದರು ಮೀಸೆ ಒತ್ತಿಕೊಂಡರು.

ಒಳಗೆ ನಾಟಕಕ್ಕೆ ಚಪ್ಪಾಳೆ ಬೀಳುವಾಗ ಸುಬ್ರಾಯ ಹಳದಿ ಜಾಕೆಟ್ ತೊಟ್ಟು, ಮಳೆಯಲ್ಲಿ ಪಾರ್ಕಿಂಗಿಗೆ ಬರುವ ಕಾರುಗಳಿಗೆ ಟಾರ್ಚ್ ತೋರಿಸುತ್ತಿದ್ದ. ಭಾನುಮತಿ ಬಿಸಿ ಕಾಫಿ ತಂದುಕೊಟ್ಟಳು.

"ನೋಡಿದ್ರಾ? ಅಷ್ಟು ಜನದಲ್ಲಿ ನಿಮ್ಮ ಪರ ನಿಂತಿದ್ದು ನಾನೊಬ್ಬಳೇ."

ಸುಬ್ರಾಯ ಹೌದೆಂದು ತಲೆಯಾಡಿಸಿದ.