ಮಾನ್ವಿ ಸಂತೆಯ ಮೀನು, ರಾಯಚೂರಿನ ಲ್ಯಾಬು

ಮೀನು ಮುಟ್ಟದ ಮನೆತನದವನಿಗೆ ಮೀನು ಪರೀಕ್ಷೆ ಮಾಡುವ ನೌಕರಿ ಸಿಕ್ಕರೆ ಇಂಥವು ನಡೆಯುತ್ತಲೇ ಇರುತ್ತವೆ. ಮಾನ್ವಿ, ದೇವದುರ್ಗದ ಕಡೆಯ ಕೆರೆ, ಹೊಳೆಯ ಮೀನು ತಂದು, ಅದರಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇವೆಯೇ ಎಂದು ರಾಯಚೂರಿನ ಲ್ಯಾಬಿನಲ್ಲಿ ನೋಡುವುದು ನನ್ನ ಕೆಲಸ.

೧. ತಿನ್ನದವರು

ಮಾನ್ವಿ ಸಂತೆಯಲ್ಲಿ ಒಬ್ಬ ಅಜ್ಜಿ ಮೀನು ಮಾರುತ್ತಾಳೆ. ತಾಜಾ ಕಾಣಲೆಂದು ಮೇಲಿಂದ ಮೇಲೆ ಬಕೀಟಿನಿಂದ ಕಾಲುವೆ ನೀರು ಚಿಮುಕಿಸುತ್ತಾಳೆ. ಆ ಕಾಲುವೆಗೆ ಚರಂಡಿ ಸೇರುವುದನ್ನು ನಾನೇ ಕಂಡಿದ್ದೆ.

"ಯವ್ವಾ, ಈ ನೀರು ಬ್ಯಾಡ, ಬೋರಿನ ನೀರು ಹಾಕು. ಇದರಾಗ ರೋಗ ಇರ್ತದ," ಎಂದೆ.

"ನೀವು ಮೀನು ತಿಂತೀರೇನ್ರಿ ಸಾಹೇಬ್ರ?"

"ಇಲ್ಲ."

"ನಿಮ್ಮಪ್ಪಾರು?"

"ಅವರೂ ಇಲ್ಲ."

ಅಜ್ಜಿ ಪಕ್ಕದವಳ ಕಡೆ ತಿರುಗಿದಳು. "ನೋಡಬೇ, ತಲಿತಲಾಂತರದಿಂದ ಮೀನು ಮುಟ್ಟಿಲ್ಲಂತ, ನನಗ ಮೀನಿನ ಬುದ್ಧಿ ಹೇಳಾಕ ಬಂದಾರ!"

೨. ಕಾಣದ ಹುಳ

ಅಜ್ಜಿಯಿಂದ ಲ್ಯಾಬಿಗೆ ಒಯ್ದ ಮೀನಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸಿಕ್ಕವು. ಹೇಳಲು ಹೋದರೆ, ಅಜ್ಜಿಯ ಪುಟ್ಟ ಮೊಮ್ಮಗಳು ಅದೇ ಬಕೀಟಿನಲ್ಲಿ ಕೈಯಾಡಿಸಿ, ಅದೇ ಕೈಯಿಂದ ಚುರುಮುರಿ ತಿನ್ನುತ್ತಿದ್ದಳು.

"ಹುಳ ಅದಾವ ಯವ್ವಾ. ಕೂಸನ್ನ ದೂರ ಇಡು. ಅವು ಕಣ್ಣಿಗೆ ಕಾಣಂಗಿಲ್ಲ."

"ಕಾಣಲಾರದ್ದನ್ನ ಹುಡುಕಾಕ ನಿಮಗ ಪಗಾರ ಕೊಡ್ತಾರೇನ್ರಿ? ಹಂಗಾರ ನನ್ನ ಮಗನ್ನೂ ಅಲ್ಲೇ ಹಚ್ಚರಿ. ಅವ ಮಾಡೋ ಕೆಲಸನೂ ಯಾರ ಕಣ್ಣಿಗೂ ಕಾಣಂಗಿಲ್ಲ."

೩. ಎರಡು ಬಕೀಟು

ಕೆಲವೇ ದಿನಗಳಲ್ಲಿ ಮೊಮ್ಮಗಳಿಗೆ ರಕ್ತಭೇದಿ ಶುರುವಾಗಿ ದವಾಖಾನೆ ಸೇರಿತು ಕೂಸು. ನೋಡಲು ಹೋದೆ. ಕಡ್ಡಿಯಂಥ ಕೈಗೆ ಸಲಾಯಿನ್ ಹಚ್ಚಿದ್ದರು. ಬಾಯಿ ಮುಚ್ಚದ ಅಜ್ಜಿ ಅವತ್ತು ಒಂದೇ ಮಾತು ಕೇಳಿದಳು: "ಅದೇ ಹುಳ ಏನ್ರಿ?"

"ಇರಬಹುದು ಯವ್ವಾ," ಎಂದೆ. ನನಗೆ ಅಳು ಬಂದಿತ್ತು. ಗೆದ್ದೆ ಎಂದು ಅನ್ನಿಸಲೇ ಇಲ್ಲ.

ಪುಣ್ಯಕ್ಕೆ ಕೂಸು ಉಳಿಯಿತು. ಮುಂದೆ ಸಂತೆಗೆ ಹೋದಾಗ ಅಜ್ಜಿ ಹೊಸ ಬಕೀಟು ತೋರಿಸಿದಳು. "ಬೋರಿನ ನೀರ್ರಿ ಸಾಹೇಬ್ರ. ನೀವು ಹೇಳಿದಂಗ." ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅದರ ಪಕ್ಕದಲ್ಲೇ ಹಳೆಯ ಬಕೀಟೂ ಇತ್ತು.

"ಅದರಾಗ?"

"ಕಾಲುವಿ ನೀರು. ಅದು ಗಿರಾಕಿಗೆ."

"ಮತ್ತ ಈ ಬೋರಿನ ನೀರು ಯಾರಿಗೆ?"

ಅಜ್ಜಿ ಹೊಸ ಬಕೀಟಿನಲ್ಲಿ ಒಂದು ಮೀನನ್ನು ತಿಕ್ಕಿ ತಿಕ್ಕಿ ತೊಳೆದು, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. ಅವಳ ಕಣ್ಣು ತುಂಬಿದ್ದವು.

"ನಿಮ್ಮ ಲ್ಯಾಬಿಗೆ ಒಯ್ಯರಿ ಯಪ್ಪಾ. ನನ್ನ ಕೂಸಿನ ಸಲುವಾಗಿ ಅಷ್ಟು ಬಡಕೊಂಡ್ರಿ. ನಿಮಗ ಹುಳದ ಮೀನು ಕೊಟ್ಟರ ದೇವರು ಮೆಚ್ಚತಾನೇನ್ರಿ?"