ಚಿಕ್ಕಪ್ಪ ಸೋಸಿದ ಬೈಗುಳ

ಹೆಂಡತಿಯ ಬೈಗುಳ ಕಿವಿಗೆ ಬೀಳದಿರಲಿ ಎಂದು ಹರಕೆ ಹೊರುವ ಗಂಡಂದಿರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅದು ಇನ್ನೂ ಸ್ಪಷ್ಟವಾಗಿ ಕೇಳಲಿ ಎಂದು ಸ್ಕೂಟರ್ ಮಾರಿ ಕಂಪ್ಯೂಟರ್ ತಂದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಗುಂಡ್ಲುಪೇಟೆಯ ನಮ್ಮ ಚಿಕ್ಕಪ್ಪ!

ಇದು ತೊಂಬತ್ತರ ದಶಕದ ಕೊನೆಯ ಮಾತು. ಚಿಕ್ಕಪ್ಪ ಚಾಮರಾಜನಗರದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದರು. ಚಿಕ್ಕಮ್ಮನ ಗಂಟಲಲ್ಲಿ ಗಡ್ಡೆ ಎದ್ದು, ಮೈಸೂರಿನಲ್ಲಿ ಅದನ್ನು ತೆಗೆದಾಗ ಜೊತೆಗೆ ದನಿಯೂ ಹೋಯಿತು. ಆಪರೇಷನ್ನಿಗೆ ಮುಂಚೆ ಚಿಕ್ಕಪ್ಪ ಟೇಪ್ ರೆಕಾರ್ಡರ್ ಹಿಡಿದು, "ನಾಕು ಮಾತಾಡು" ಎಂದು ಗೋಗರೆದಿದ್ದರು.

"ಸಾಯೋಳ್ನ ಮಾತಾಡ್ಸಿದಂಗೆ ಮಾತಾಡಿಸ್ಬೇಡಿ. ಅತ್ಲಾಗಿಡಿ ಅದ್ನ!"

ಚಿಕ್ಕಪ್ಪ ಬಟನ್ ಒತ್ತುವಷ್ಟರಲ್ಲಿ ಆ ಮಾತೂ ಮುಗಿದುಹೋಗಿತ್ತು.

ಉಳಿದದ್ದು ಒಂದೇ ಕ್ಯಾಸೆಟ್. ಹಿಂದೊಮ್ಮೆ ರಿಪೇರಿ ಮಾಡಿದ ಟೇಪ್ ರೆಕಾರ್ಡರನ್ನು ಪರೀಕ್ಷೆಗೆಂದು ರೆಕಾರ್ಡ್ ಬಟನ್ ಒತ್ತಿ ಅಡುಗೆಮನೆಯಲ್ಲಿ ಓಡಲು ಬಿಟ್ಟಿದ್ದರು. ಪಕ್ಕದಲ್ಲೇ ಕೊಯಮತ್ತೂರಿನ ಗ್ರೈಂಡರ್ ಇಡ್ಲಿ ಹಿಟ್ಟು ರುಬ್ಬುತ್ತಿತ್ತು. ಆ ಗುಡುಗಿನ ನಡುವೆ ಚಿಕ್ಕಮ್ಮ ಗಂಡನಿಗೆ ಬೈಯುತ್ತಿದ್ದರು. "ತಿಂದ್ಬುಟ್ಟು ಇನ್ನೂ ಕೂತ್ರಾ? ಎದ್ದೋಗಿ!" ಎಂಬಷ್ಟು ಕೇಳುತ್ತಿತ್ತು. ಮುಂದಿನದೆಲ್ಲ ಗ್ರೈಂಡರಿನ ಪಾಲು! ಗ್ರೈಂಡರನ್ನು ಕಳೆದು ಹೆಂಡತಿಯನ್ನು ಉಳಿಸಿಕೊಳ್ಳಬೇಕು, ಇಷ್ಟೇ ಚಿಕ್ಕಪ್ಪನ ತಪಸ್ಸು.

ಅದಕ್ಕೆ ಬೇಕಾದದ್ದು ಫಿಲ್ಟರ್. ಕಾಫಿಯದಲ್ಲ ಸ್ವಾಮಿ, ಸದ್ದನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿನಲ್ಲಿ ಸೋಸುವ ಲೆಕ್ಕ. ಅದರಲ್ಲಿ ಎರಡು ಜಾತಿಯಂತೆ.

"ಒಂದ್ನೇದು ಹಸ ಇದ್ದಂಗೆ ಕಣ್ಲಾ" ಎಂದು ನನಗೆ ಪಾಠ ಶುರುಮಾಡಿದರು. "ತಾನು ಕೊಟ್ಟ ಉತ್ರಾನೇ ತಿರ್ಗಾ ಬಾಯಿಗೆ ತಂದು ಮೆಲುಕಾಕ್ತದೆ. ಬಿರ್ರನೆ ಕೆಲ್ಸ ಮುಗಿಸ್ತದೆ. ಆದ್ರೆ ಮಾತು ಮುಗುದ್ರೂ ಮೆಲುಕು ನಿಲ್ಲಕಿಲ್ಲ, ಣಿಂಯ್ ಅಂತ ಬಾಲ ಎಳೀತದೆ."

"ಎರಡ್ನೇದು?"

"ಅದು ರೇಷನ್ ಅಂಗ್ಡಿ ಕ್ಯೂ. ಎಲ್ಲಾ ಸ್ವರಾನೂ ಒಂದೇ ಸಮ ಕಾಯಿಸ್ತದೆ, ಯಾರೂ ಯಾರ್ನೂ ದಾಟಂಗಿಲ್ಲ. ಮಾತಿನ ಆಕಾರ ಕೆಡಕಿಲ್ಲ. ಆದ್ರೆ ಕಾದೂ ಕಾದೂ ಸಾಯ್ಬೇಕು."

ಚಿಕ್ಕಮ್ಮ ಅಲ್ಲೇ ಮಂಚದ ಮೇಲೆ ಕೂತಿದ್ದರು. ಚಿಕ್ಕಪ್ಪ ನಾಲಿಗೆ ಕಚ್ಚಿಕೊಂಡರು.

ಮನೆಗೆ ಯಾರೇ ಬರಲಿ, ಸೋಸುವ ಮುಂಚಿನದು, ಸೋಸಿದ್ದು ಎರಡೂ ಕೇಳಿ ತೀರ್ಪು ಕೊಡದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ರೋಗಿಯನ್ನು ನೋಡಲು ಹಂಗಳದಿಂದ ದೂರದ ನೆಂಟರೊಬ್ಬರು ಬಂದರು. ಕಾಫಿ ಇನ್ನೂ ತುಟಿಗೆ ತಾಗಿರಲಿಲ್ಲ, ಸ್ಪೀಕರ್ ಗುಡುಗಿತು. "ತಿಂದ್ಬುಟ್ಟು ಇನ್ನೂ ಕೂತ್ರಾ? ಎದ್ದೋಗಿ!"

ನೆಂಟರು ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. "ಅಲ್ಲಾ ಕನಪ್ಪಾ, ಬಾಯಿ ಓದ್ರೂ ಬೈಗುಳ ಓಗ್ನಿಲ್ವಲ್ಲ!"

ಚಿಕ್ಕಮ್ಮ ಭುಜ ಕುಣಿಸಿ ನಕ್ಕರು. ಸದ್ದಿಲ್ಲದ ನಗು. ಅದನ್ನು ನೋಡಿ ನಗಬೇಕೋ ಅಳಬೇಕೋ, ನೀವೇ ಹೇಳಿ!

ಕೊನೆಯ ತೀರ್ಪು ಮಾತ್ರ ಅವರದೇ. ಚಮಚದಿಂದ ಲೋಟಕ್ಕೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ. ಮೆಲುಕು ಹಾಕುವ ಫಿಲ್ಟರನ್ನು ಚಿಕ್ಕಪ್ಪ ಎಷ್ಟು ತಿದ್ದಿದರೂ ದನಿ ಖಾಲಿ ಕೊಡದೊಳಗಿಂದ ಬಂದಂತಿತ್ತು. ಟಣ್, ಟಣ್. ಅದು ನಾನಲ್ಲ.

ಅಷ್ಟರಲ್ಲಿ ಗಡ್ಡೆ ಮತ್ತೆ ಎದ್ದಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಮೈಸೂರಿನ ಡಾಕ್ಟರು. ಉಳಿದದ್ದು ಕ್ಯೂ ಫಿಲ್ಟರ್. ಆ ಹಳೇ ಕಂಪ್ಯೂಟರಿಗೆ ಅದು ಇಡೀ ದಿನದ ಕೆಲಸ, ಗುಂಡ್ಲುಪೇಟೆಯ ಕರೆಂಟು ಇಡೀ ದಿನ ಇದ್ದದ್ದು ಉಂಟೇ? ಮುಕ್ಕಾಲು ಮುಗಿದಿರುತ್ತಿತ್ತು, ಪಟ್ಟನೆ ಎಲ್ಲ ಕತ್ತಲು. ಮತ್ತೆ ಮೊದಲಿನಿಂದ. ಚಿಕ್ಕಪ್ಪ ನಿದ್ದೆ ಬಿಟ್ಟರು, ಊಟ ಮರೆತರು. ಚಿಕ್ಕಮ್ಮ ದಿನೇ ದಿನೇ ಹಾಸಿಗೆಗೆ ಅಂಟಿಕೊಳ್ಳುತ್ತಿದ್ದರು.

ಕೊನೆಗೆ ಒಂದು ಮಧ್ಯಾಹ್ನ ಕೆಲಸ ಮುಗಿಯಿತು. ಗ್ರೈಂಡರ್ ಎಲ್ಲೋ ದೂರ ಸರಿದಿತ್ತು. ದನಿ ಈ ಕೋಣೆಯಲ್ಲೇ ಇತ್ತು.

"ತಿಂದ್ಬುಟ್ಟು ಇನ್ನೂ ಕೂತ್ರಾ? ಎದ್ದೋಗಿ! ಕಣ್ಣು ಕೆಂಪಗಾಗವೆ, ಒಸಿ ಮಲೀಕಳಿ. ನಾನಿಲ್ವಾ? ಎಲ್ಲಾ ನೋಡ್ಕತೀನಿ."

ಚಿಕ್ಕಪ್ಪ ಮಂಚದ ಕಡೆ ತಿರುಗಿದರು. ಚಿಕ್ಕಮ್ಮನಿಗೆ ಚಮಚ ಎತ್ತುವ ಶಕ್ತಿ ಇರಲಿಲ್ಲ. ಮಂಚದ ಪಟ್ಟಿಗೆ ಬೆರಳಿನಿಂದ ಒಂದೇ ಸಲ ಕುಟ್ಟಿದರು.

ಹೆಂಡತಿ ಹೇಳಿದ್ದನ್ನು ಜನ್ಮದಲ್ಲಿ ಕೇಳದ ಆ ಮನುಷ್ಯ ಕಂಪ್ಯೂಟರ್ ಆರಿಸಿ, ಚಾಪೆ ತಂದು ಮಂಚದ ಪಕ್ಕ ಹಾಸಿ, ಹಾಡಹಗಲೇ ಮಲಗಿಬಿಟ್ಟರು. ಮೇಲಿನಿಂದ ಚಿಕ್ಕಮ್ಮನ ಕೈ ಮೆಲ್ಲಗೆ ಇಳಿದು ಅವರ ತಲೆಯ ಮೇಲೆ ಕೂತಿತು.